ಕಾಫಿಗೆ ಇಪ್ಪತ್ತು ನಿಮಿಷ

ವಿರಾಜಪೇಟೆಯ ಆ ಪುಟ್ಟ ಆಫೀಸಿನಲ್ಲಿ ಪೂಜಿತಾಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳನ್ನು ಮನೆಮನೆಗೆ ಕಳಿಸುವ ಶಶಿಕುಮಾರರ ವ್ಯವಹಾರವನ್ನು ನೋಟ್‌ಬುಕ್ಕಿನಿಂದ ಕಂಪ್ಯೂಟರಿಗೆ ತರುವ ಕೆಲಸ ಅವಳದು. ಗ್ರಾಹಕರು ಮೊಬೈಲಿನಲ್ಲೇ ಹೊತ್ತು ಆರಿಸಿಕೊಂಡರೆ ಸಾಕು, ಬಿಡುವಾಗಿರುವ ಕೆಲಸಗಾರನ ಹೆಸರಿಗೆ ಅದು ತಾನಾಗಿ ಸೇರಿ ಇಬ್ಬರಿಗೂ ಸಂದೇಶ ಹೋಗುತ್ತಿತ್ತು. ಆದರೆ ಎರಡು ದಿನದಿಂದ ಒಬ್ಬರೂ ಹೇಳಿದ ಹೊತ್ತಿಗೆ ತಲುಪಿರಲಿಲ್ಲ.

"ಇವತ್ತೂ ಹೀಗೇ ಆದ್ರೆ ನಂಗೆ ನನ್ನ ನೋಟ್‌ಬುಕ್ಕೇ ಸಾಕು ಮಾರಾಯ್ತಿ," ಎಂದುಬಿಟ್ಟಿದ್ದರು ಶಶಿಕುಮಾರ್.

ಬೆಳಿಗ್ಗೆ ಎಲೆಕ್ಟ್ರಿಷಿಯನ್ ಲೋಕೇಶ್ ಹೊರಡುವ ಮೊದಲೇ ಅವಳು ಅಡ್ಡ ನಿಂತಳು. "ಲೋಕೇಶಣ್ಣ, ನಿನ್ನೆ ಕಕ್ಕಬೆಯಲ್ಲಿ ಒಂದು ಗಂಟೆ ಕೆಲಸಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಯಾಕಾಯ್ತು?"

"ಕೆಲಸ ಮುಗೀತು. ಅಷ್ಟೊತ್ತಿಗೆ ಆ ಮನೆಯ ಪೂವಮ್ಮಜ್ಜಿ ಕಾಫಿ ತಂದ್ರು. ಕುಡೀದೆ ಎದ್ದು ಬರೋಕಾಗ್ತದಾ? ನಿನ್ನ ಕಂಪ್ಯೂಟರನ್ನೂ ಒಂದಿನ ಕಳ್ಸು, ಅದು ಹೇಗೆ ಬೇಡ ಅಂತದೆ ನೋಡುವ!"

ಪೂಜಿತಾ ಹಣೆ ಚಚ್ಚಿಕೊಂಡು ನಕ್ಕಳು. ರಸ್ತೆಯ ತಿರುವುಗಳಿಗೂ ಸಮಯ ಇಟ್ಟಿದ್ದಳು, ಇದೇ ಮಣ್ಣಲ್ಲಿ ಹುಟ್ಟಿಯೂ ಕಾಫಿಯನ್ನು ಮರೆತಿದ್ದಳು! ಬೆರಳುಗಳು ಕೀಲಿಗಳ ಮೇಲೆ ಓಡಿದವು. ಪ್ರತಿ ಕೆಲಸದ ನಂತರ ಇಪ್ಪತ್ತು ನಿಮಿಷ ಸೇರಿಸಿ, ಅದಕ್ಕೆ 'ಕಾಫಿ' ಎಂದು ಹೆಸರಿಟ್ಟು, ಎಲ್ಲರಿಗೂ ಹೊಸ ಸಮಯ ಕಳಿಸಿದಳು.

ಐದೇ ನಿಮಿಷ. ಶಶಿಕುಮಾರ್ ಮೊಬೈಲ್ ಹಿಡಿದು ಒಳಗೆ ನುಗ್ಗಿದರು. "ಏನಿದು? 'ಕೆಲಸ ಹತ್ತರಿಂದ ಹನ್ನೊಂದು, ಕಾಫಿ ಹನ್ನೊಂದರಿಂದ ಹನ್ನೊಂದು ಇಪ್ಪತ್ತು' ಅಂತ ಗ್ರಾಹಕರಿಗೆಲ್ಲ ಹೋಗಿದೆ! ನಾವೇ ಕಾಫಿ ಕೇಳಿದ ಹಾಗಾಯ್ತಲ್ಲ!"

ಪೂಜಿತಾ ಪರದೆಯತ್ತ ತಿರುಗಿದಳು. ಆ ಸಾಲು ಗ್ರಾಹಕರಿಗೆ ಕಾಣದಂತೆ ಮಾಡುವುದನ್ನು ಮರೆತಿದ್ದಳು. ಸರಿಪಡಿಸಲು ಕೈ ಚಾಚುವಷ್ಟರಲ್ಲಿ ಟಿಂಗ್ ಎಂದಿತು. ದೇರಪ್ಪ ಎಂಬವರ ಉತ್ತರ: 'ಸಕ್ಕರೆಯೋ, ಬೆಲ್ಲವೋ?' ಮತ್ತೆ ಟಿಂಗ್. ಹೋಂಸ್ಟೇಯೊಂದರಿಂದ: 'ಪ್ಲಂಬರ್ ಟೀ ಕುಡಿಯುವವರಾದರೆ ಮೊದಲೇ ತಿಳಿಸಿ.' ಮೂರನೆಯದು ಪೂವಮ್ಮನದು. ಮೋಟರಿನ ಸ್ವಿಚ್ಚಿಗೆಂದು ಲೋಕೇಶ್ ಇವತ್ತೂ ಅಲ್ಲಿಗೇ ಹೋಗಬೇಕಿತ್ತು. 'ನಿನ್ನೆ ಹುಡುಗ ಗಡಿಬಿಡಿಯಲ್ಲಿ ಕುಡಿದ. ಇವತ್ತು ಕಡುಬು ಮಾಡುತ್ತೇನೆ. ಹತ್ತು ನಿಮಿಷ ಜಾಸ್ತಿ ಹಾಕಿ.'

ಓದುತ್ತಾ ಶಶಿಕುಮಾರರ ಮುಖ ಸಡಿಲವಾಯಿತು. "ಆ ಸಾಲು ತೆಗೀಲಾ, ಶಶಿಯಣ್ಣ?" ಎಂದು ಪೂಜಿತಾ ಕೇಳಿದಳು.

"ಬೇಡ, ಇರ್ಲಿ. ಮೊದ್ಲು ಆ ಹತ್ತು ನಿಮಿಷ ಹಾಕು."

ಹಾಕಿದಳು. ಆಮೇಲೆ ಪರದೆಯಿಂದ ಕಣ್ಣು ಕೀಳಲಿಲ್ಲ. ಒಬ್ಬೊಬ್ಬರೇ ತಲುಪಿದಂತೆ ಹೆಸರುಗಳು ಹಸಿರಾದವು. ನಾಲ್ಕು ಗಂಟೆಗೆ ಉಳಿದದ್ದು ಒಂದೇ, ಲೋಕೇಶನ ಕೊನೆಯ ಮನೆ. ಫೋನ್ ಬಂತು.

"ಪೂಜೀ, ತಲುಪಿದೆ! ಐದು ನಿಮಿಷ ಮೊದ್ಲೇ! ಮತ್ತೆ, ಪೂವಮ್ಮಜ್ಜಿ ಕಂಪ್ಯೂಟರ್ ಹುಡುಗಿಗೆ ಅಂತ ನಾಲ್ಕು ಕಡುಬು ಕಟ್ಟಿ ಕೊಟ್ಟಿದ್ದಾರೆ."

ಶಶಿಕುಮಾರ್ ನೋಟ್‌ಬುಕ್ಕನ್ನು ಮೇಜಿನ ಡ್ರಾಯರಿನೊಳಗೆ ಹಾಕಿದರು. "ನಂಗೆರಡು," ಎಂದರು.