ಕರಡಿಯ ತೂಕ

ಪಂಜರದ ಭಾರ ಕಳೆದು, ಹೊಸ ತೂಕದ ಯಂತ್ರದಲ್ಲಿ ಕರಡಿಯ ತೂಕ ತೊಂಬತ್ತು ಎಂದು ಕೆಂಪಗೆ ಮೂಡಿತು. ಸರ್ಕಾರದ ಸಂಶೋಧನೆಯ ಹಣ ಬೇಕಾದರೆ ಪೌಂಡು ಬಿಟ್ಟು ಕಿಲೋದಲ್ಲೇ ತೂಗಬೇಕೆಂಬ ನಿಯಮ. ಪೌಂಡಿನ ಹಳೆಯ ಯಂತ್ರ ನಿನ್ನೆಯಷ್ಟೇ ಗುಜರಿಗೆ ಹೋಗಿತ್ತು. ಪರಿಶೀಲನೆಗೆ ಬಂದ ಅಧಿಕಾರಿ ಕನ್ನಡಕ ಏರಿಸಿಕೊಂಡು, "ತೊಂಬತ್ತು ಕಿಲೋ. ಸರಿಯಾಗಿದೆ," ಎಂದು ತಲೆದೂಗಿದರು.

ತೂಕಕ್ಕೆ ತಕ್ಕಷ್ಟು ಮಂಪರಿನ ಔಷಧವನ್ನು ಸೂಜಿಗೆ ತುಂಬುವ ಕೆಲಸ ನಾದಿನಿಯದು. ಪ್ರಾಣಿವೈದ್ಯೆಯಾದ ಅತ್ತಿಗೆ ಅವಳ ಲೆಕ್ಕವನ್ನು ಮತ್ತೆ ನೋಡುವುದನ್ನು ಎಂದೋ ಬಿಟ್ಟಿದ್ದಳು.

"ನೀನು 'ತಪ್ಪಾಯ್ತು' ಅಂದ ದಿನ ನಾನು ಈ ಕರಡಿ ಜೊತೆ ಸಂಸಾರ ಮಾಡ್ತೀನಿ ಕಣೇ."

"ನಮ್ಮಣ್ಣನ ಜೊತೆ ಮಾಡ್ತಿದೀರಲ್ಲ ಅತ್ತಿಗೆ, ನಿಮಗೆ ಅಭ್ಯಾಸ ಇದೆ."

ಅಧಿಕಾರಿಯೂ ನಕ್ಕರು. ಸೂಜಿ ಚುಚ್ಚಿ, ಕರಡಿ ಮಲಗಿದ ಮೇಲೆ ಮೂವರೂ ಸೇರಿ ಅದನ್ನು ಚಾಪೆಗೆ ಎಳೆದರು. ವಯಸ್ಸು ತಿಳಿಯಲು ಅತ್ತಿಗೆ ಮಂಡಿಯೂರಿ, ಬಾಯೊಳಗೆ ಮಣಿಕಟ್ಟಿನವರೆಗೆ ಕೈಯಿಟ್ಟು ಕೊನೆಯ ಹಲ್ಲನ್ನು ತಡವುತ್ತಿದ್ದಳು.

ಆಗ ಕರಡಿಯ ಕಿವಿ ಅದುರಿತು.

ಇಷ್ಟು ಬೇಗ ಏಳಬಾರದು. ನಾದಿನಿ ಮನಸ್ಸಿನಲ್ಲೇ ಲೆಕ್ಕವನ್ನು ಮತ್ತೆ ಹಾಕಿದಳು. ಪೌಂಡನ್ನು ಎರಡು ಚಿಲ್ಲರೆಯಿಂದ ಭಾಗಿಸಿ ಕಿಲೋ ಮಾಡುವುದು ಅವಳಿಗೆ ಉಸಿರಾಟದಷ್ಟು ಸಲೀಸು. ಇವತ್ತು ಕಿಲೋವನ್ನೂ ಭಾಗಿಸಿಬಿಟ್ಟಿದ್ದಳು. ಒಳಗೆ ಹೋದದ್ದು ನಲವತ್ತೊಂದು ಕಿಲೋದ ಪ್ರಾಣಿಗೆ ಸಾಲುವಷ್ಟೇ ಔಷಧ.

ಹೇಳಿದರೆ ಅಧಿಕಾರಿಯ ಮುಂದೆ ಮಾನ ಹೋಗುತ್ತದೆ, ಸರ್ಕಾರದ ಹಣವೂ ಹೋಗಬಹುದು. ಕೂಗಿದರೆ ಕರಡಿ ಬೆಚ್ಚಿ ಬಾಯಿ ಮುಚ್ಚುತ್ತದೆ. ಮಗುವನ್ನು ಮಲಗಿಸುವ ದನಿಯಲ್ಲಿ, ಏರಿಳಿತವಿಲ್ಲದೆ ಅವಳು ಅಂದಳು: "ಅತ್ತಿಗೆ, ತಪ್ಪಾಯ್ತು. ಅರ್ಧ ಔಷಧಾನೂ ಕೊಟ್ಟಿಲ್ಲ. ಅದು ಏಳ್ತಾ ಇದೆ."

ಅತ್ತಿಗೆಯ ಬೆನ್ನು ಕಲ್ಲಾಯಿತು. ದವಡೆ ನಿಧಾನವಾಗಿ ಬಿಗಿಯುತ್ತಿತ್ತು.

"ಕೈ ಎಳ್ಕೊಳ್ಳಿ!" ಅಧಿಕಾರಿ ಪಿಸುಗುಟ್ಟಿದರು.

"ಎಳೆದ್ರೆ ಹಿಡ್ಕೊಳ್ಳುತ್ತೆ. ಸುಮ್ನಿರಿ ಸ್ವಾಮಿ." ಅತ್ತಿಗೆಯ ತುಟಿಯಷ್ಟೇ ಅಲುಗಿತು. "ಉಳಿದದ್ದು ಕೊಡು ಕಣೇ. ಅವಸರ ಬೇಡ."

ನಾದಿನಿ ಅಂಕಿಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಔಷಧ ತುಂಬಿ, ತೊಡೆಗೆ ಚುಚ್ಚಿದಳು. ಕರಡಿಯ ಕಣ್ಣು ತೆರೆಯಿತು. ಹಲ್ಲು ಅತ್ತಿಗೆಯ ಮಣಿಕಟ್ಟನ್ನು ಮುಟ್ಟಿತು, ಒತ್ತಿತು, ಅಲ್ಲೇ ನಿಂತಿತು. ಕೋಣೆಯಲ್ಲಿ ಅದರ ಉಸಿರೊಂದೇ ಬರುತ್ತಿತ್ತು, ಹೋಗುತ್ತಿತ್ತು. ಬರಬರುತ್ತಾ ಅದು ನೀಳವಾಯಿತು. ರೆಪ್ಪೆ ಮುಚ್ಚಿತು. ದವಡೆ ಸಡಿಲವಾಯಿತು.

ಅತ್ತಿಗೆ ಕೈ ಹೊರತೆಗೆದಳು.

"ಇದನ್ನ ನಾನು ವರದಿ ಮಾಡ್ಲೇಬೇಕಾಗುತ್ತೆ," ಗೋಡೆಗೊರಗಿದ್ದ ಅಧಿಕಾರಿ ಬೆವರು ಒರೆಸಿಕೊಂಡರು.

"ಮಾಡಿ," ಅತ್ತಿಗೆ ಅಂದಳು, "ತೂಕ ಮಾತ್ರ ಕಿಲೋದಲ್ಲೇ ಬರೀರಿ."

ಅತ್ತಿಗೆ ಜೊಲ್ಲು ಸುರಿಯುವ ಕೈಯನ್ನು ನಾದಿನಿಯ ಮುಂದೆ ಚಾಚಿದಳು. "ತಗೋ, ಬೆರಳು ಎಣಿಸು. ಭಾಗಿಸ್ಬೇಡ."

ನಾದಿನಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.