ದೆವ್ವ ಉಂಡ ಬೋಗುಣಿ

ನಾನು ನೈಲ್ ನದಿಯ ಕೆಸರಿನಿಂದ ಹುಟ್ಟಿದ ಬೋಗುಣಿ. ಕುಂಬಾರನ ಕೈ ಜಾರಿ ನನ್ನ ಅಂಚು ಸೊಟ್ಟಗಾಯಿತು. ಸಂತೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಕೊನೆಗೆ ಮರುಭೂಮಿಯ ಮುದಿ ಸನ್ಯಾಸಿಯೊಬ್ಬ ತಾನು ಹೆಣೆದ ಖರ್ಜೂರದ ಗರಿಯ ಬುಟ್ಟಿ ಕೊಟ್ಟು ನನ್ನನ್ನು ಒಯ್ದ. ಅವನ ಹೆಸರು ಪಿತಿರಿ. ಅಲ್ಲಿ ಕ್ರಿಸ್ತನ ಸನ್ಯಾಸಿಗಳು ಹಿರಿಯರನ್ನೆಲ್ಲ ಅಪ್ಪ ಎನ್ನುತ್ತಿದ್ದರು. ನನಗೂ ಅವನು ಅಪ್ಪನೇ.

ಕಲ್ಲಿನಂತೆ ಒಣಗಿದ ರೊಟ್ಟಿಯನ್ನು ನೆನೆಸಿಡುವುದು ನನ್ನ ಕೆಲಸ. ಅಪ್ಪ ಇಳಿಹೊತ್ತಿಗೆ ಒಮ್ಮೆ ಮಾತ್ರ ಉಣ್ಣುತ್ತಿದ್ದ. ಅವನ ಕಣ್ಣು ಮಂಜಾಗಿತ್ತು.

ಒಂದು ಸುಡು ಮಧ್ಯಾಹ್ನ ಪಕ್ಕದ ಗುಡಿಸಲಿನ ಅಮೋಯಿ ಒಳಗೆ ಬಂದ. ವಾರಗಟ್ಟಲೆ ಉಪವಾಸ ಮಾಡುವವನೆಂದು ಮರಳುಗಾಡಿನಲ್ಲೆಲ್ಲ ಹೆಸರಾದವನು. ಮಾತಿಲ್ಲದೆ ನನ್ನೊಳಗೆ ಕೈ ಹಾಕಿದ. ಅಪ್ಪನಿಗೆ ಮುಖ ಮಸುಕಾಗಿ ಕಂಡಿತು. ಅಮೋಯಿಯಂಥ ತಪಸ್ವಿ ರೊಟ್ಟಿ ಕದಿಯುವುದುಂಟೇ? ಇದು ಅವನ ವೇಷ ತೊಟ್ಟ ದೆವ್ವವೇ ಇರಬೇಕೆಂದು ಶಿಲುಬೆಯ ಗುರುತು ಹಾಕಿದ. ದೆವ್ವ ಮಾಯವಾಗಲಿಲ್ಲ, ಅಗಿಯುತ್ತಲೇ ಇತ್ತು.

"ಹಸಿದಿದೀಯ, ತಿನ್ನು," ಎಂದ ಅಪ್ಪ. ಮರುದಿನದಿಂದ ಎರಡು ರೊಟ್ಟಿ ನೆನೆಸತೊಡಗಿದ. ದೆವ್ವವೂ ತಪ್ಪದೆ ಬರತೊಡಗಿತು.

ಗುಟ್ಟು ಮಾಡುವ ಸ್ವಭಾವ ಅಪ್ಪನದಲ್ಲ. ಬಾವಿಯ ಬಳಿ, "ನಮ್ಮಲ್ಲಿಗೊಂದು ದೆವ್ವ ಊಟಕ್ಕೆ ಬರುತ್ತೆ," ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅಮೋಯಿಗೆ. ದೆವ್ವದ ಮುಖ ಯಾರದೆಂದು ಮುದುಕ ಹೇಳುವ ಮೊದಲೇ ಅವನ ಮಾತಿಗೆ ಬೆಲೆಯಿಲ್ಲದಂತೆ ಮಾಡಬೇಕಿತ್ತು. "ಸೈತಾನನಿಗೂ ದೇವರ ದಯೆ ಉಂಟು ಅಂತಾನೆ. ಇವನು ಧರ್ಮದ್ರೋಹಿ," ಎಂದು ಮಠದ ಹಿರಿಯಪ್ಪನಿಗೆ ಸುಳ್ಳು ದೂರು ಕೊಟ್ಟ. ನನಗೆ ಮೈಯೆಲ್ಲ ಉರಿಯಿತು. ಇಷ್ಟಗಲ ಬಾಯಿದ್ದೂ ಮಾತಾಡಲಾರದ ಜನ್ಮ ನನ್ನದು.

ಸನ್ಯಾಸಿಗಳೆಲ್ಲ ಸೇರಿದರು. ದ್ರೋಹಿ ಎಂದಾದರೆ ಅಪ್ಪ ಅಲ್ಲಿಂದ ಹೊರಡಬೇಕು. ಆ ಕಣ್ಣಿಗೆ ಊರಿನ ದಾರಿಯೂ ಕಾಣದು. ರೊಟ್ಟಿ ಸಮೇತ ನನ್ನನ್ನು ನಡುವೆ ಇಟ್ಟರು.

"ಅದು ಯಾರ ರೂಪದಲ್ಲಿ ಬರ್ತಿತ್ತು, ಪಿತಿರಿ?" ಮಠದ ಹಿರಿಯಪ್ಪ ಕೇಳಿದರು.

"ನಮ್ಮ ಸೋದರನೊಬ್ಬನ ರೂಪದಲ್ಲಿ. ಹೆಸರು ಹೇಳಲ್ಲಪ್ಪ. ದೆವ್ವ ಮಾಡಿದ್ದಕ್ಕೆ ಅವನ ಮಾನ ಯಾಕೆ ಹೋಗಬೇಕು?"

"ಹೇಳದಿದ್ರೆ ನೀನು ಹೋಗಬೇಕಾಗುತ್ತೆ."

"ಹೋಗ್ತೀನಿ." ಅಪ್ಪ ಕೋಲಿಗಾಗಿ ತಡಕಾಡಿದ.

ಅಮೋಯಿ ಎದ್ದು ಬಂದು ನನ್ನ ಮುಂದೆ ಕುಳಿತ. ಎಲ್ಲರೂ ನೋಡುತ್ತಿದ್ದಂತೆಯೇ ನೆಂದ ರೊಟ್ಟಿ ತೆಗೆದು ತಿನ್ನತೊಡಗಿದ. ಅವನ ಕಣ್ಣೀರು ನನ್ನೊಳಗೆ ಬಿತ್ತು.

ಅಪ್ಪ ಸದ್ದು ಬಂದ ಕಡೆ ತಿರುಗಿದ. "ಅದೇ. ಹೀಗೇ ಅಗೀತಿತ್ತು," ಎಂದ. ಕೋಲು ಬದಿಗಿಟ್ಟು, "ಇನ್ನೊಂದೂ ಇದೆ, ತಿನ್ನಪ್ಪ," ಎಂದ.

ಅಪ್ಪ ಮಣ್ಣಾದ ಮೇಲೆ ನಾನು ಅಮೋಯಿಯ ಪಾಲಾದೆ. ಅವನೂ ಎರಡು ರೊಟ್ಟಿ ನೆನೆಸುತ್ತಿದ್ದ, ತನಗೊಂದು, ಬಂದವರಿಗೊಂದು. ಈಗ ಬಿರುಕು ಬಿಟ್ಟು ಬಾಗಿಲ ಮೂಲೆಯಲ್ಲಿ ಬಿದ್ದಿದ್ದೇನೆ; ನೀರು ನಿಲ್ಲುವುದಿಲ್ಲ. ಹೋಗಿಬರುವ ಸನ್ಯಾಸಿಗಳು ದೆವ್ವಗಳ ಕಥೆ ಹೇಳುತ್ತಾರೆ, ಕೊಂಬು, ಬಾಲ, ಬೆಂಕಿ ಎಂದು. ಇರಬಹುದು. ನಾನು ಕಂಡದ್ದು ಒಂದನ್ನೇ. ಅದಕ್ಕೆ ಹಸಿವಾಗಿತ್ತು.