ಕೌದಿಯ ಕೆಳಗಿನ ಕುರ್ಚಿ

2025ರ ಮಾರ್ಚ್ 18, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಾವನ ಕುತ್ತಿಗೆಯ ಮೇಲಿಟ್ಟಿದ್ದ ಎರಡು ಬೆರಳನ್ನು ಸುಧಾರಾಣಿ ಹಿಂದಕ್ಕೆ ತೆಗೆದುಕೊಂಡಳು. ಮೊದಲು ಕೌದಿಯ ಅಂಚನ್ನು ಎಳೆದು ಕುರ್ಚಿಯ ಬಲಗೈಯನ್ನು ಪೂರ್ತಿ ಮುಚ್ಚಿದಳು. ಗಂಡ ಸಂಜಯನನ್ನು ಕೂಗಿದ್ದು ಆಮೇಲೆ.

ಮಾವ ಅಜ್ಜಪ್ಪ ಕುಳಿತಲ್ಲೇ ಹೋಗಿದ್ದರು. ತಲೆ ಹಿಂದಕ್ಕೆ ಒರಗಿತ್ತು. ಎಡಗೈ ತೊಡೆಯ ಮೇಲಿತ್ತು. ಬಲಗೈ ಮಾತ್ರ ಕೌದಿಯ ಅಡಿಯಲ್ಲಿ, ಕುರ್ಚಿಯ ಕೈಯ ಒಳಮಗ್ಗುಲಿಗೆ ಒತ್ತಿಕೊಂಡಿತ್ತು. ಆ ಜಾಗದಲ್ಲಿ ಕುರ್ಚಿಯ ತೊಗಲು ಉದ್ದಕ್ಕೆ ಸೀಳಿದೆ ಎಂಬುದು ಈ ಮನೆಯಲ್ಲಿ ಸುಧಾರಾಣಿಗೆ ಒಬ್ಬಳಿಗೇ ಗೊತ್ತಿತ್ತು. ಅದು ಅವಳ ಕೈಯಿಂದಲೇ ಆದದ್ದು. ಹತ್ತು ದಿನದಿಂದ ಅದನ್ನು ಕೌದಿ ಹೊದಿಸಿ ಮುಚ್ಚಿಟ್ಟಿದ್ದಳು.

ಮಾವನ ಕೈ ಅದನ್ನು ಮುಟ್ಟಿದೆ. ಮುಟ್ಟಿದ ಮೇಲೆ ಎದೆ ನಿಂತಿತೇ?

ಅವಳು ಶಿಗ್ಗಾಂವಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಬಿ.ಎಸ್ಸಿ. ಓದಿದವಳು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು.

ಏಳೂವರೆಗೆ ಕ್ರಿಯೆ ಮಾಡಿಸುವ ಮೃತ್ಯುಂಜಯ ಅಯ್ಯನವರು ಬಂದರು. ಸತ್ತವರನ್ನು ಕೂರಿಸಿಯೇ ಮಣ್ಣು ಕೊಡುವ ಮನೆತನ. ಅಯ್ಯನವರು ಅಜ್ಜಪ್ಪನವರ ಗದ್ದ ಮುಟ್ಟಿ, ಎಡಗೈ ಎತ್ತಿ ನೋಡಿದರು.

"ಕುಂತಾಂವ ಕುಂತಂಗ ಲಿಂಗೈಕ್ಯ ಆಗ್ಯಾನ. ಮೈ ಆಗಲೇ ಸೆಟಿಯಾಕತ್ತೇತಿ. ಎತ್ತಿ ಜಳಕಾ ಮಾಡಸೂನು."

"ನೀಲಾ ಬರೂತನಕಾ ಹಂಗ ಇರ್ಲಿರಿ ಅಯ್ಯಾರ," ಎಂದರು ಶಿವಬಸವ್ವ, ಗಂಡನ ಪಾದದ ಬಳಿ ಕುಳಿತವರು ಮುಖ ಎತ್ತದೆ. "ಅವರ ಕುರ್ಚಿಯೊಳಗ ಅವರನ್ನ ಆಕಿ ಒಮ್ಮೆ ನೋಡ್ಲಿ."

ನೀಲಾಂಬಿಕಾ ಹಿರಿಯ ಮಗಳು, ಹಿರೇಕೆರೂರಿನ ಸೊಸೆ. ಸಂಜಯ ಅಕ್ಕನಿಗೆ ಫೋನು ಹಚ್ಚಿದ. "ಹೊಂಟಾರಂತ. ಎರಡು, ಎರಡೂವರಿ ತಾಸು."

ಎತ್ತಿದಾಗ ಕೌದಿ ಸರಿಯುತ್ತದೆ. ಸುಧಾರಾಣಿಗೆ ಉಳಿದದ್ದು ಎರಡೂವರೆ ತಾಸು.

*

ಆ ಕುರ್ಚಿ 1993ರಲ್ಲಿ ಸವಣೂರಿನ ಹಳೇ ಮನೆಯೊಂದರಿಂದ ಬಂದದ್ದು. ಅಜ್ಜಪ್ಪನವರದು ಹೈವೇ ಪಕ್ಕದಲ್ಲಿ ಸೋಫಾ ರಿಪೇರಿಯ ಅಂಗಡಿ. ಸಾಗವಾನಿಯ ಚೌಕಟ್ಟು, ಒಳಗೆ ಕೈಯಿಂದ ಕಟ್ಟಿದ ಸ್ಪ್ರಿಂಗು, ಮೇಲೆ ಕಂದು ಬಣ್ಣದ ಎಮ್ಮೆ ತೊಗಲು. ಅದನ್ನು ಇಬ್ಬರು ಹೊತ್ತು ಪಡಸಾಲೆಗೆ ತಂದಾಗ ಶಿವಬಸವ್ವ ಬಾಗಿಲಿಗೆ ಅಡ್ಡ ನಿಂತಿದ್ದರಂತೆ.

"ಲಿಂಗಪೂಜಿ ಮಾಡೂ ಮನಿಯಾಗ ತೊಗಲಿನ ಕುರ್ಚಿ ಏನ್ರೀ?"

"ಮಠದಾಗ ಭಜನಿಗೆ ಬಾರಸೂ ಡಗ್ಗಾ ಯಾತರದ್ದು? ರೇಶ್ಮಿದೇನು?"

ಕುರ್ಚಿ ಪಡಸಾಲೆ ದಾಟಿ ಒಳಗೆ ಬರಬಾರದು ಎಂಬಲ್ಲಿಗೆ ರಾಜಿಯಾಯಿತು. ಮೂವತ್ತೆರಡು ವರ್ಷ ಅದು ಪಡಸಾಲೆಯಲ್ಲೇ, ಕಿಟಕಿಯ ಬಿಸಿಲು ತಾಗದ ಮೂಲೆಯಲ್ಲಿ, ಗೋಡೆಗೆ ಅಂಟದಂತೆ ನಾಲ್ಕು ಬೆರಳು ಬಿಟ್ಟು ನಿಂತಿತು. ವಾರಕ್ಕೊಮ್ಮೆ ಒಣ ಅರಿವೆ. ಎಣ್ಣೆಯಲ್ಲಿ ಕರಗಿಸಿದ ಜೇನುಮೇಣ ಆರು ತಿಂಗಳಿಗೊಮ್ಮೆ, ತೆಳ್ಳಗೆ, ಅಂಗೈ ಬಿಸಿಯಲ್ಲಿ.

"ಸಾಬೂನು ತೋರಸಬಾರದು, ಬಿಸಲಂತೂ ಬ್ಯಾಡಾ ಬ್ಯಾಡ," ಎಂದು ಮದುವೆಯಾಗಿ ಬಂದ ವರ್ಷ ಸೊಸೆಗೆ ಹೇಳಿದ್ದರು. "ತೊಗಲು ಅಂದ್ರ ನಮ್ಮ ಮೈ ಇದ್ದಂಗವಾ. ಒಳಗಿನ ಜಿಡ್ಡು ಹೋತಂದ್ರ ಮುಗೀತು, ತಿರುಗಿ ಬರಂಗಿಲ್ಲ."

ಹೊಸ ಸೋಫಾ ಕೊಳ್ಳುವವರು ಅವರನ್ನು ಹುಬ್ಬಳ್ಳಿಯ ಅಂಗಡಿಗಳಿಗೆ ಕರೆದೊಯ್ಯುತ್ತಿದ್ದರು. ಅಜ್ಜಪ್ಪ ಮೊದಲು ಕೂರುತ್ತಿರಲಿಲ್ಲ. ಬಗ್ಗಿ ಅಡಿಯನ್ನು ನೋಡುವರು, ಒಂದು ಮೂಲೆ ಹಿಡಿದು ಎತ್ತುವರು. ಹಗುರಾಗಿ ಎದ್ದರೆ ಮಾತಿಲ್ಲದೆ ಹೊರಬೀಳುವರು. ಭಾರವಿದ್ದರೆ ಹೆಬ್ಬೆರಳಿನಿಂದ ಒತ್ತುವರು. ನಿಜವಾದ ತೊಗಲಾದರೆ ಬೆರಳಿನ ಸುತ್ತ ಸಣ್ಣ ನೆರಿಗೆ ಹರಡಬೇಕು.

*

ಎಂಟೂವರೆಯ ಹೊತ್ತಿಗೆ ಅಂಗಳದಲ್ಲಿ ಜನ ತುಂಬಿದ್ದರು. ಪಕ್ಕದ ಕಾಳಿನ ಅಂಗಡಿಯ ಶಿದ್ಲಿಂಗಪ್ಪ ಕಣ್ಣೊರೆಸಿಕೊಳ್ಳುತ್ತಲೇ ಹೇಳುತ್ತಿದ್ದ: "ಸಂಜಯಗ ಕನ್ಯಾ ನೋಡಾಕ ಹೋದಾಗ ನಾನೂ ಇದ್ನೆಲ್ಲಾ. ಹುಡುಗಿ ಚಹಾ ತಂದು ನಿಂತಾಳ, ಇಂವಾ ಅವರ ಸೋಫಾ ಡಬ್ಬ ಹಾಕಿ ಅಡಿ ನೋಡಾಕತ್ತಾನ! ಬೀಗರು ಹೆದರಿಬಿಟ್ರು. 'ಏನ ಹುಡುಕಾಕತ್ತೀರಿ?' ಅಂದ್ರ, 'ರೆಕ್ಸಿನ್ ಐತಿ, ಆದ್ರ ಸ್ವಚ್ಛ ಇಟ್ಟಾರ. ಕನ್ಯಾ ಅಡ್ಡಿಲ್ಲ' ಅಂದ."

ಕುಳಿತವರು ನಕ್ಕು, ನಕ್ಕದ್ದಕ್ಕೆ ನಾಚಿ, ಮತ್ತೆ ಮೂಗು ಒರೆಸಿಕೊಂಡರು. ಸ್ವಚ್ಛ ಎಂಬ ಮಾತು ಕೇಳಿ ಸುಧಾರಾಣಿ ಎದ್ದಳು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು.

ಹೊರಗೆ ಸಂಜಯನ ದನಿ: "ಅಕ್ಕಾರು ಅಕ್ಕಿಆಲೂರು ದಾಟ್ಯಾರಂತ."

*

ಫೆಬ್ರುವರಿ 27ರಂದು ಅಜ್ಜಪ್ಪ ಅದೇ ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ವಾಂತಿ ಮಾಡಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಬಲ ಮಣಿಕಟ್ಟಿನಿಂದ ನಳಿಕೆ ತೂರಿಸಿ ಸ್ಟೆಂಟ್ ಹಾಕಿದರು. ಸುಧಾರಾಣಿ ನಡುವೆ ಬಟ್ಟೆ ಒಯ್ಯಲು ಮನೆಗೆ ಬಂದಳು. ಕುರ್ಚಿ ನಾರುತ್ತಿತ್ತು. ಮಾವ ಬರುವುದರೊಳಗೆ ಅದು ಚೊಕ್ಕ ಆಗಬೇಕು, ಒಂದು ರೋಗಾಣುವೂ ಇರಬಾರದು ಎಂದು ಅವಳಿಗೆ ಅನ್ನಿಸಿತು. ಲ್ಯಾಬಿನಲ್ಲಿ ದಿನಾ ಮೇಜು ಒರೆಸುವ ಸ್ಪಿರಿಟ್ಟನ್ನೇ ತಂದಳು. ಮೂರು ಸಲ ಒರೆಸಿದಳು, ವಾಂತಿ ಬಿದ್ದಿದ್ದ ಬಲಗಡೆ ತಿಕ್ಕಿ ಒರೆಸಿದಳು. ಆಮೇಲೆ ಪಕ್ಕದ ಮನೆಯವರ ಸಹಾಯದಿಂದ ಅಂಗಳದ ಬಿಸಿಲಿಗೆ ಇಟ್ಟಳು.

ಮಾವನ ಮಾತು ನೆನಪಿರಲಿಲ್ಲವೆಂದಲ್ಲ. ಅದು ಸಾಬೂನಿನ ಮಾತು, ಇದು ಸ್ಪಿರಿಟ್ಟು ಎಂದುಕೊಂಡಿದ್ದಳು. ಬಿಸಿಲೂ ಎರಡೇ ದಿನ.

ಎರಡನೆಯ ದಿನ ಸಂಜೆ ತೊಗಲು ಬೆಳ್ಳಗಾಗಿ ಬಿಗಿದಿತ್ತು. ಮುಟ್ಟಿದರೆ ಹಪ್ಪಳದಂತೆ ಸದ್ದು. ಒಳಗೆ ಸರಿಸುವಾಗ ಕುರ್ಚಿಯ ಬಲಗೈಯ ಒಳಮಗ್ಗುಲು ಉದ್ದಕ್ಕೆ ಬಿರಿಯಿತು.

ಮಾರ್ಚ್ 8ರಂದು ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ ಎರಡು ಮಾತನ್ನು ಅವಳು ಚೀಟಿಯ ಹಿಂದೆ ಬರೆದುಕೊಂಡಿದ್ದಳು: ಮನಸ್ಸಿಗೆ ಆಘಾತವಾಗಬಾರದು. ಬಲಗೈಗೆ ಕೆಲಸ ಕೊಡಬಾರದು.

ಆ ಸಂಜೆಯೇ ಕುರ್ಚಿಗೆ ದೊಡ್ಡ ಕೌದಿ ಹೊದಿಸಿದಳು. "ಡಾಕ್ಟರು ಮೆತ್ತಗಿನ ಮ್ಯಾಲ ಕುಂದ್ರಸ್ರಿ ಅಂದಾರ್ರಿ ಮಾವಾರ." ಅಜ್ಜಪ್ಪ ಒಂದು ಗಳಿಗೆ ಕೌದಿಯನ್ನು ನೋಡಿದರು, ಒಂದು ಗಳಿಗೆ ಅವಳನ್ನು. "ಆತು ಬಿಡವಾ," ಎಂದು ಕುಳಿತರು.

ಅಂದಿನಿಂದ ಅವರ ಬಲಗೈ ಸದಾ ಕೌದಿಯ ಕೆಳಗೆ. ಲ್ಯಾಬಿನಿಂದ ಬಂದಾಗೆಲ್ಲ ಅವಳು ಕೇಳುತ್ತಿದ್ದಳು. "ಕೈ ನೋಯಾಕತ್ತೇತೇನ್ರಿ?"

"ಇಲ್ಲವಾ. ಬೆಚ್ಚಗ ಐತಿ."

*

ಒಂಬತ್ತೂಕಾಲಿಗೆ ಸವಣೂರಿನಿಂದ ಇರ್ಫಾನ ಬಂದ. ಅವನ ತಂದೆ ಅಜ್ಜಪ್ಪನವರಿಗೆ ತೊಗಲಿನ ಕೆಲಸ ಮಾಡಿಕೊಡುತ್ತಿದ್ದರು, ಈಗ ಇವನು. ಕುರ್ಚಿ ಬಿರಿದ ಮೇಲೆ ಸುಧಾರಾಣಿ ಕದ್ದು ಫೋನು ಮಾಡಿದ್ದು ಇವನಿಗೇ. ಹೊಸ ತೊಗಲು ತರಿಸಿ ಹಾಕಿಕೊಡು, ಯಾರಿಗೂ ಹೇಳಬೇಡ ಎಂದು. ಹದಿನೈದು ದಿನ ಬೇಕು ಎಂದಿದ್ದ.

ಅವನು ಅಜ್ಜಪ್ಪನವರ ಕಾಲಿಗೆ ನಮಸ್ಕರಿಸಿ, ಬಾಗಿಲ ಪಕ್ಕ ಅವಳ ಬಳಿ ಬಂದು ನಿಂತ.

"ವೈನಿ, ತೊಗಲು ನಿನ್ನೆ ಬಂತ್ರಿ."

"ಸುಮ್ನಿರು ಇರ್ಫಾನ. ಅಕ್ಕಾರು ಬರಾಕತ್ತಾರ. ಕೌದಿ ತಗದ್ರ ನಂದು ಮುಗೀತು. 'ಅಪ್ಪ ಅದನ್ನ ನೋಡೇ ಹೋದ' ಅಂತಾರ. ನನಗೂ ಹಂಗ ಅನಸಾಕತ್ತೇತಿ."

"ಹಂಗಲ್ರಿ ವೈನಿ, ನಿಮಗೊಂದು ಮಾತು..."

"ಇರ್ಫಾನ, ಬಾರೋ ಇಲ್ಲಿ!" ಸಂಜಯ ಕರೆದ. ಹಿರೇಬೆಂಡಿಗೇರಿಯ ಹೊಲದಲ್ಲಿ ಕುಣಿ ತೋಡುವವರು ಅಳತೆ ಕೇಳುತ್ತಿದ್ದರು. ಕುಣಿಯ ಅಳತೆ ಸತ್ತವರ ಪಾದದ ಲೆಕ್ಕದಲ್ಲಿ, ಒಂಬತ್ತು ಪಾದ. ಸಂಜಯ ಅಪ್ಪನ ಅಂಗಿಯ ಜೇಬಿನಿಂದ ಅವರದೇ ಉಕ್ಕಿನ ಟೇಪು ತೆಗೆದ. ಇರ್ಫಾನ ಹಿಮ್ಮಡಿ ಹಿಡಿದ.

"ಒಂಬತ್ತೂಮುಕ್ಕಾಲು ಇಂಚು."

ಎಂಬತ್ತೇಳೂಮುಕ್ಕಾಲು, ಎಂದು ಸುಧಾರಾಣಿಯ ತಲೆ ತಾನಾಗಿಯೇ ಗುಣಿಸಿತು. ಸಂಜಯ ಟೇಪನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳ ಕೈಗೆ ಕೊಟ್ಟ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ನೀಲಾಂಬಿಕಾ ಅಳುತ್ತ ಬರಲಿಲ್ಲ. ನೆಟ್ಟಗೆ ಬಂದು ಅಪ್ಪನ ಎದುರು ನಿಂತಳು, ಹಣೆ ಮುಟ್ಟಿದಳು, ಆಮೇಲೆ ತಿರುಗಿದಳು.

"ಸುಧಾ, ನಿನ್ನೆ ಸಂಜಿಗೆ ಫೋನಿನ್ಯಾಗ ನಕ್ಕೋತ ಮಾತಾಡ್ಯಾನ. ಏನಾತು? ಏನರೆ ಮನಸ್ಸಿಗೆ ಹಚ್ಚಿಕೊಂಡಿದ್ದನೇನು?"

"ಇಲ್ರಿ ಅಕ್ಕಾರ... ಮುಂಜಾನೆ ನಾ ಎದ್ದು ನೋಡಿದ್ರ..."

"ಈ ಕೌದಿ ಯಾಕ ಹಾಕೀರಿ? ಒಂದ ದಿನಾ ಈ ಕುರ್ಚಿ ಮ್ಯಾಲ ಅರಿವಿ ಹಾಕಗೊಟ್ಟಾಂವ ಅಲ್ಲ ನಮ್ಮಪ್ಪ. ತೊಗಲಿಗೆ ಗಾಳಿ ಬೇಕಂತಿದ್ದ."

ಸುಧಾರಾಣಿ ಕೌದಿಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದಳು. ಅಯ್ಯನವರೇ ಮಾತು ಮುಂದುವರಿಸಿದರು. "ಇರ್ಲಿ ತಂಗಿ. ಹೊತ್ತಾತು. ಹಿಡೀರಿ, ಎತ್ತೂನು."

ನಾಲ್ವರು ಹಿಡಿದರು. ಮೈ ಎದ್ದಿತು, ಕುಳಿತ ಆಕಾರದಲ್ಲೇ. ಬಲಗೈ ಏಳಲಿಲ್ಲ.

"ಏನೋ ಹಿಡದೈತಲ್ಲೋ ಕೈಗೆ," ಎಂದ ಶಿದ್ಲಿಂಗಪ್ಪ, ಮೆಲ್ಲಗೆ.

"ಕೌದಿ ಸರಸ್ರಿ," ಎಂದರು ಅಯ್ಯನವರು.

ಸರಿಸಿದವಳು ನೀಲಾಂಬಿಕಾ.

ಬೆಳ್ಳಗೆ ಸತ್ತುಹೋದ ತೊಗಲು ಎಲ್ಲರಿಗೂ ಕಂಡಿತು. ಒಳಮಗ್ಗುಲಿನ ಸೀಳು ಕಂಡಿತು. ಸೀಳಿನ ಒಂದು ತುದಿಯಿಂದ ಹೊರಟು ಅಜ್ಜಪ್ಪನವರ ಹೆಬ್ಬೆರಳು ತೋರುಬೆರಳುಗಳ ನಡುವೆ ಸೇರಿದ್ದ ಮೇಣದ ದಾರವೂ ಕಂಡಿತು. ಬೆರಳ ಸಂದಿಯಲ್ಲಿ ಬಾಗಿದ ಸೂಜಿ, ಒಂದೇ ಮಗ್ಗುಲಿನಿಂದ ಹೊಲಿಯುವಂಥದ್ದು. ಕಣ್ಣಿನಿಂದ ನೋಡದೆ, ಕೌದಿಯ ಕೆಳಗೆ, ಬೆರಳ ಅಂದಾಜಿನಲ್ಲೇ ಹೊಲಿದದ್ದು.

ಇರ್ಫಾನ ಮೊಣಕಾಲೂರಿ ದಾರ ಕತ್ತರಿಸಿದ. ಕೈ ಬಿಟ್ಟುಕೊಂಡಿತು.

"ಯಾವಾಗ ಹರೀತು ಇದು?" ಎಂದಳು ನೀಲಾಂಬಿಕಾ.

"ಅಕ್ಕಾರ, ನಾನು..." ಸುಧಾರಾಣಿ ಶುರು ಮಾಡಿದಳು. "ಸ್ಪಿರಿಟ್ ಹಚ್ಚಿ..."

ನೀಲಾಂಬಿಕಾ ಕೇಳಿಸಿಕೊಳ್ಳಲಿಲ್ಲ. ಆ ಸೂಜಿಯನ್ನು ನೋಡಿ ಅವಳಿಗೆ ಅದುವರೆಗೆ ಬಾರದ ಅಳು ಒಮ್ಮೆಲೇ ಬಂದಿತ್ತು. "ಅಪ್ಪಾ, ಬ್ಯಾಡಂದ್ರೂ ಕೆಲಸಾ ಬಿಡಲಿಲ್ಲಲ್ಲೋ..."

"ಕಾಯಕ ಮಾಡಕೋತನಾ ಹ್ವಾದ. ಪುಣ್ಯವಂತ," ಎಂದರು ಅಯ್ಯನವರು. ಅಂಗಳದಲ್ಲಿ ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಹಳೇ ಕುರ್ಚಿ, ಹರಿದಿತ್ತು, ಹೊಲಿಯುತ್ತಿದ್ದ. ಯಾರೂ ಬೇರೆ ಕಾರಣ ಕೇಳಲಿಲ್ಲ.

*

ಒಂದೂವರೆಗೆ ಮಂಟಪದಂತೆ ಕಟ್ಟಿದ ಹೂವಿನ ವಿಮಾನದಲ್ಲಿ ಕುಳಿತ ಅಜ್ಜಪ್ಪನವರನ್ನು ಟ್ರ್ಯಾಕ್ಟರಿನಲ್ಲಿ ಹಿರೇಬೆಂಡಿಗೇರಿಗೆ ಒಯ್ದರು. ಮನೆ ತೊಳೆದು ದೀಪ ಹಚ್ಚಲು ಸುಧಾರಾಣಿ ಉಳಿದಳು. ಇರ್ಫಾನ ಬೈಕು ಹತ್ತುವ ಮುನ್ನ ಒಳಗೆ ಬಂದ.

"ಮುಂಜಾನೆ ಹೇಳಾಕ ಬಂದಿದ್ದು ಇದರಿ. ಹಿಂದಿನ ವಾರ ಅಜ್ಜಪ್ಪ ಕಾಕಾ ಫೋನ್ ಮಾಡಿ ಸೂಜಿ, ದಾರ ತರಿಸ್ಕೊಂಡ್ರು. 'ಸುಧಾಗ ಹೇಳಬ್ಯಾಡ, ಆಕಿ ಹೆದರ್ಯಾಳ' ಅಂದ್ರು. ನೀವೂ ಹೇಳಬ್ಯಾಡ ಅಂದಿದ್ರಿ. ಇಬ್ಬರ ಮಾತೂ ಉಳಿಸೀನಿ ಅಂದ್ಕೊಂಡಿದ್ನಿ ವೈನಿ."

ಬೈಕಿನ ಸದ್ದು ದೂರವಾಯಿತು.

ನೆಲ ಇನ್ನೂ ಹಸಿಯಿತ್ತು. ಕುರ್ಚಿಯ ಮುಂದೆ ಕುಳಿತಾಗ ಸೀರೆ ತೊಯ್ದದ್ದು ಅವಳಿಗೆ ತಿಳಿಯಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮೊದಲಿನವು ಒಂದೇ ಅಂತರದವು, ಯಂತ್ರದಲ್ಲಿ ಹಾಕಿದಂತೆ. ಕೊನೆಗೆ ಬರುತ್ತ ದೂರ ದೂರ ಬಿದ್ದಿದ್ದವು, ಒಂದೆರಡು ಸೀಳಿನ ಅಂಚನ್ನು ಹಿಡಿದೇ ಇರಲಿಲ್ಲ. ಇಷ್ಟೂ ದಿನ ಹೊಲಿದದ್ದು ಅದೇ ಬಲಗೈಯಿಂದ. ಡಾಕ್ಟರು ಹೇಳಿದ ಎರಡು ಮಾತು ಬರೆದುಕೊಂಡಿದ್ದ ಚೀಟಿ ಅಡುಗೆಮನೆಯ ಗೋಡೆಗೆ ಅಂಟಿಸಿದಲ್ಲೇ ಇತ್ತು.

ಟೇಪು ಅವಳ ಸೆರಗಿನ ಗಂಟಿನಲ್ಲಿತ್ತು. ಬಿಚ್ಚಿ, ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಳೆದಳು. ಎರಡು ಸಲ ಅಳೆದಳು.

ಸೀಳು ಹದಿನಾಲ್ಕು ಇಂಚು. ಹೊಲಿದದ್ದು ಹನ್ನೊಂದು.